ಬೆಳಗ್ಗೆ ನೋಡಿದ್ರೆ ಎಲ್ಲಾ ನಾರ್ಮಲ್: ಅಕ್ಕನ ಕಾಯಿಲೆಗೆ ಹೆಸರು ಸಿಗೋಕೆ ಹಿಡಿದ 14 ತಿಂಗಳು

ಅಕ್ಕನ ಒಪ್ಪಿಗೆ ತಗೊಂಡೇ ಇದನ್ನ ಬರೀತಿದೀನಿ. ಹೆಸರು ಬೇಡ, ಆಸ್ಪತ್ರೆಗಳ ಹೆಸರೂ ಬೇಡ, ನಡೆದಿದ್ದನ್ನ ನಡೆದ ಹಾಗೇ ಬರಿ ಅಂತ ಹೇಳಿದಾಳೆ. ನರದ ತೊಂದರೆ ಇಟ್ಕೊಂಡು ಡಾಕ್ಟರಿಂದ ಡಾಕ್ಟರಿಗೆ ಅಲೀತಿರೋರು, "ನಿಮಗೇನೂ ಇಲ್ಲ ಹೋಗಿ" ಅನ್ನಿಸಿಕೊಂಡು ವಾಪಸ್ ಬಂದಿರೋರು ಬಹಳ ಜನ ಇದಾರೆ, ಅವರಲ್ಲಿ ಒಬ್ಬರಿಗೆ ಉಪಯೋಗ ಆದ್ರೂ ಸಾಕು.

ಶುರುವಾದಾಗ ಅವಳಿಗೆ 34 ವರ್ಷ. ಹೈಸ್ಕೂಲ್ ಟೀಚರ್, ದಿನಕ್ಕೆ ಐದಾರು ಪೀರಿಯಡ್ ನಿಂತ್ಕೊಂಡು ಪಾಠ ಮಾಡೋ ಕೆಲಸ. ಮೊದಲು ಗೊತ್ತಾಗಿದ್ದು ಕಣ್ಣಲ್ಲಿ, ಸಂಜೆ ನೋಟ್‌ಬುಕ್ ತಿದ್ದೋಕೆ ಕೂತ್ರೆ ಒಂದು ಸಾಲು ಎರಡಾಗಿ ಕಾಣೋದು, ರಾತ್ರಿ ಮಲಗಿ ಬೆಳಗ್ಗೆ ಎದ್ರೆ ಸರಿ ಹೋಗಿರೋದು. ಕಣ್ಣಿನ ಡಾಕ್ಟರ್ ಹತ್ರ ಹೋಗಿ "ಸಂಜೆ ಹೊತ್ತು ಸರಿಯಾಗಿ ಕಾಣಲ್ಲ" ಅಂದ್ಲು, ಅವರು ಪವರ್ ಚೆಕ್ ಮಾಡಿ, ಕಣ್ಣು ಒಣಗ್ತಿದೆ ಅಂತ ಡ್ರಾಪ್ಸ್ ಬರೆದುಕೊಟ್ರು. ಈಗ ಅನ್ಸುತ್ತೆ, ಅವತ್ತು "ಎರಡೆರಡು ಕಾಣುತ್ತೆ, ಒಂದು ಕಣ್ಣು ಮುಚ್ಚಿದ್ರೆ ಒಂದೇ ಆಗುತ್ತೆ" ಅಂತ ಹೇಳಿದ್ರೆ ಕಥೆಯೇ ಬೇರೆ ಆಗ್ತಿತ್ತೇನೋ ಅಂತ. ಯಾಕಂದ್ರೆ ಒಂದು ಕಣ್ಣು ಮುಚ್ಚಿದ ತಕ್ಷಣ ಎರಡು ಹೋಗಿ ಒಂದಾದ್ರೆ ತೊಂದರೆ ಕಣ್ಣಿನ ಪವರ್‌ದಲ್ಲ, ಎರಡೂ ಕಣ್ಣನ್ನ ಒಂದೇ ಕಡೆ ತಿರುಗಿಸೋ ಸ್ನಾಯುಗಳದ್ದೋ ಅವುಗಳ ನರಗಳದ್ದೋ ಆಗಿರುತ್ತೆ. ಇದು ನಮಗೆ ಗೊತ್ತಾಗೋಕೆ ಒಂದು ವರ್ಷ ಹಿಡೀತು.

ಮೂರನೇ ತಿಂಗಳಿಗೆ ದನಿ. ಬೆಳಗಿನ ಕ್ಲಾಸಲ್ಲಿ ಗಟ್ಟಿಯಾಗೇ ಇರೋದು, ಕೊನೇ ಪೀರಿಯಡ್ ಹೊತ್ತಿಗೆ ಮೂಗಲ್ಲಿ ಮಾತಾಡಿದ ಹಾಗೆ ಆಗೋದು, ಹಿಂದಿನ ಬೆಂಚಿನ ಮಕ್ಕಳು "ಮಿಸ್, ಕೇಳಿಸ್ತಿಲ್ಲ" ಅನ್ನೋರಂತೆ. ಬೋರ್ಡ್ ಮೇಲೆ ಬರೆಯೋವಾಗ ಕೈ ತಾನಾಗೇ ಕೆಳಗೆ ಬರೋದು, ತಲೆ ಬಾಚ್ಕೊಳ್ಳೋವಾಗ ಅರ್ಧಕ್ಕೆ ನಿಲ್ಲಿಸಿ ಕೈ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಾಚೋಳು. ಫ್ಯಾಮಿಲಿ ಡಾಕ್ಟರ್ ರಕ್ತ ಪರೀಕ್ಷೆ, ಥೈರಾಯ್ಡ್, ಬಿ12 ಎಲ್ಲಾ ಮಾಡಿಸಿದ್ರು, ಎಲ್ಲಾ ಸರಿ ಇತ್ತು, ವಿಟಮಿನ್ ಕೊಟ್ಟು ಕಳಿಸಿದ್ರು. ಅವರನ್ನ ನಾನು ದೂರಲ್ಲ, ಅವರ ಕೈಲಾದ ಮಟ್ಟಿಗೆ ನೋಡಿದ್ರು, ಮುಂದಕ್ಕೆ ನ್ಯೂರಾಲಜಿಸ್ಟ್ ಹತ್ರ ಹೋಗಿ ಅಂತ ಚೀಟಿ ಕೊಟ್ಟೋರೂ ಅವರೇ.

ನೋವಾಗಿದ್ದು ಅಲ್ಲಿಂದ ಮುಂದೆ. ಮೊದಲನೇ ನ್ಯೂರಾಲಜಿಸ್ಟ್ ಅಪಾಯಿಂಟ್‌ಮೆಂಟ್ ಬೆಳಗ್ಗೆ ಒಂಬತ್ತೂವರೆಗೆ ಸಿಕ್ತು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ಲು, ಮುಖ ಫ್ರೆಶ್ ಆಗಿತ್ತು, ರೆಪ್ಪೆ ಎತ್ತಿತ್ತು, ಮಾತು ಸರಿಯಾಗೇ ಬರ್ತಿತ್ತು. ಡಾಕ್ಟರು ಸುತ್ತಿಗೆಯಿಂದ ಮೊಣಕಾಲು ತಟ್ಟಿ ನೋಡಿದ್ರು, ಸೂಜಿ ಚುಚ್ಚಿದ್ರೆ ಗೊತ್ತಾಗುತ್ತಾ ಕೇಳಿದ್ರು, ಕೈ ಒತ್ತಿ ನೋಡಿದ್ರು, ಎಲ್ಲಾ ಸರಿ ಇತ್ತು. ಎಂಆರ್‌ಐ ಮಾಡಿಸಿದ್ರು, ಅದೂ ನಾರ್ಮಲ್. ರಿಪೋರ್ಟ್ ತೋರಿಸೋಕೆ ಹೋದ ದಿನ ಅವರು ಫಿಲ್ಮ್ ಬೆಳಕಿಗೆ ಹಿಡಿದು ನೋಡಿ, "ತಲೇಲಿ ಏನೂ ಇಲ್ಲ ಅಮ್ಮ, ಟೆನ್ಶನ್ ಮಾಡ್ಕೋಬೇಡಿ, ಕೆಲಸ ಮನೆ ಎರಡೂ ನೋಡ್ಕೊಳ್ಳೋ ಹೆಂಗಸರಿಗೆ ಇದೆಲ್ಲಾ ಆಗುತ್ತೆ" ಅಂದ್ರು. "ಸಾರ್, ಸಂಜೆ ಹೊತ್ತು ಬಹಳ ಸುಸ್ತು" ಅಂದ್ಲು ಅಕ್ಕ. "ಅದೇ ಹೇಳಿದ್ನಲ್ಲ, ಟೆನ್ಶನ್" ಅಂತ ಅಂದು, ಎದೆ ಹೊಡ್ಕೊಳ್ಳೋದು ಕಮ್ಮಿ ಆಗೋಕೆ ಅಂತ ಪ್ರೊಪ್ರನೊಲಾಲ್ ಬರೆದ್ರು.

ಆ "ಸುಸ್ತು" ಅನ್ನೋ ಮಾತಿನ ಬಗ್ಗೆ ಒಂದು ವಿಷಯ ಹೇಳಲೇಬೇಕು. ನಾವೆಲ್ಲಾ ಎಲ್ಲದಕ್ಕೂ ಸುಸ್ತು ಅಂತೀವಿ, ನಿದ್ದೆಗೆಟ್ರೂ ಸುಸ್ತು, ಬೇಜಾರಾದ್ರೂ ಸುಸ್ತು, ಜ್ವರ ಬಂದ್ರೂ ಸುಸ್ತು. ಅಕ್ಕ ಹೇಳೋಕೆ ಹೊರಟಿದ್ದು ಕೈಗೆ ಬಲ ಇಲ್ಲ ಅಂತ, ಮನಸ್ಸಿದ್ರೂ ಕೈ ಮೇಲೆ ನಿಲ್ಲಲ್ಲ ಅಂತ. ಡಾಕ್ಟರಿಗೆ ಕೇಳಿಸಿದ್ದು ಆಯಾಸ. ನ್ಯೂರಾಲಜಿಯಲ್ಲಿ ಇವೆರಡರ ಮಧ್ಯೆ ಆಕಾಶ ಭೂಮಿ ವ್ಯತ್ಯಾಸ ಇದೆ, ಯಾವ ಕಡೆ ಪರೀಕ್ಷೆ ಮಾಡಬೇಕು ಅನ್ನೋದೇ ಆ ಒಂದು ಮಾತಿನ ಮೇಲೆ ತಿರುಗುತ್ತೆ. ಕೇಳಿ ಬಿಡಿಸಿಕೊಳ್ಳಬೇಕಾದ್ದು ಡಾಕ್ಟರ ಕೆಲಸ ಅಂತ ನಾನು ಈಗಲೂ ನಂಬ್ತೀನಿ, ಆದ್ರೆ ಅವರು ಕೇಳದೇ ಇದ್ದಾಗ ನಾವೇ ಬಿಡಿಸಿ ಹೇಳದೆ ಬೇರೆ ದಾರಿ ಇರಲಿಲ್ಲ.

ಮಾತ್ರೆ ತಗೊಂಡ ಮೇಲೆ ಜಾಸ್ತಿ ಆಯ್ತು. ಮೂರು ವಾರದಲ್ಲಿ ಎಡಗಣ್ಣಿನ ರೆಪ್ಪೆ ಸಂಜೆ ಅರ್ಧಕ್ಕೆ ಇಳಿಯೋಕೆ ಶುರು, ಊಟ ಮಾಡೋವಾಗ ಮೊದಲ ನಾಲ್ಕು ತುತ್ತು ಸಲೀಸು, ಆಮೇಲೆ ದವಡೆ ನಿಂತೇ ಹೋಗೋದು. ಅವಾಗ ಅವಳು ಒಂದು ಅಭ್ಯಾಸ ಮಾಡ್ಕೊಂಡ್ಲು, ಎಡಗೈ ಮೊಣಕೈ ಟೇಬಲ್ ಮೇಲೆ ಊರಿ, ಅಂಗೈ ಮೇಲೆ ಗಲ್ಲ ಇಟ್ಕೊಂಡು ಕೂರೋಳು. ನಾವೆಲ್ಲಾ ನೋಡ್ತಿದ್ವಿ. ಗಲ್ಲಕ್ಕೆ ಕೈ ಕೊಟ್ಟು ಕೂತಿದಾಳೆ, ಏನೋ ಚಿಂತೆ ಅಂದ್ಕೊಂಡ್ವಿ. ನಗೋಳು ನಗ್ತಿರಲಿಲ್ಲ, ನಕ್ಕರೂ ತುಟಿ ಮೇಲೆ ಏಳ್ತಿರಲಿಲ್ಲ, ಮುಖ ಸಪ್ಪೆ. ಭಾವ ನನ್ನ ಪಕ್ಕಕ್ಕೆ ಕರೆದು "ನಿಮ್ಮಕ್ಕಂಗೆ ಏನೋ ಮನಸ್ಸಿಗೆ ಹತ್ತಿದೆ, ನೀನಾದ್ರೂ ಕೇಳು" ಅಂದ್ರು. ನಾನು ಕೇಳಿದೆ ಕೂಡ. ಅವಳು ಗಲ್ಲ ಹಿಡ್ಕೊಂಡಿದ್ದು ಅಗಿಯೋಕೆ ಆಗದೆ, ಕೈಯಿಂದ ದವಡೆ ಮೇಲಕ್ಕೆ ತಳ್ಳೋಕೆ. ಮುಖ ಸಪ್ಪೆ ಆಗಿದ್ದು ಮುಖದ ಸ್ನಾಯು ಸೋತು. ಮನೆಯವರಾದ ನಮಗೇ ಅದು ದುಃಖದ ಹಾಗೆ ಕಂಡಿತ್ತು ಅನ್ನೋದನ್ನ ನೆನೆಸ್ಕೊಂಡ್ರೆ ಈಗಲೂ ಕರುಳು ಚುರುಕ್ ಅನ್ನುತ್ತೆ.

ಎರಡನೇ ನ್ಯೂರಾಲಜಿಸ್ಟ್ ಎಂಟನೇ ತಿಂಗಳಲ್ಲಿ. ಫೈಲ್ ತೆಗೆದ ತಕ್ಷಣ ಕಣ್ಣು ಬಿದ್ದಿದ್ದು ಹಳೇ ಡಾಕ್ಟರು ಬರೆದಿದ್ದ "ಆಂಕ್ಸೈಟಿ" ಅನ್ನೋ ಪದದ ಮೇಲೆ. ಅಲ್ಲಿಂದ ಮುಂದೆ ಅವರು ಅಕ್ಕನ ಮುಖ ನೋಡಿ ಮಾತಾಡಿದ್ದೇ ಕಮ್ಮಿ, ಪಕ್ಕದಲ್ಲಿ ಕೂತಿದ್ದ ಭಾವನ್ನ "ಮನೇಲಿ ಏನಾದ್ರೂ ಪ್ರಾಬ್ಲಂ ಇದೆಯಾ" ಅಂತ ಕೇಳಿದ್ರು. ನಾನು ಅಷ್ಟೊತ್ತಿಗೆ ಬಳಸ್ತಾ ಬಳಸ್ತಾ ಸ್ನಾಯು ಸೋಲೋ ಮಯಸ್ತೇನಿಯಾ ಅನ್ನೋ ಕಾಯಿಲೆ ಬಗ್ಗೆ ಸ್ವಲ್ಪ ಓದ್ಕೊಂಡಿದ್ದೆ, ತಡೆಯೋಕಾಗದೆ "ಸಾರ್, ಮಯಸ್ತೇನಿಯಾ ಇರಬಹುದಾ" ಅಂದ್ಬಿಟ್ಟೆ. ಪೆನ್ ಕೆಳಗಿಟ್ಟು "ಗೂಗಲ್ ನೋಡ್ಕೊಂಡು ಬಂದ್ರಾ, ಹಾಗಾದ್ರೆ ನಾನ್ಯಾಕೆ ಬೇಕು" ಅಂದ್ರು. ಅಲ್ಲಿಗೆ ಮಾತು ಮುಗೀತು. ಎಂಆರ್‌ಐ ನಾರ್ಮಲ್ ಇದೆ, ಒಂದ್ಸಲ ಸೈಕಿಯಾಟ್ರಿಸ್ಟ್ ನೋಡಿ ಅಂದ್ರು.

ಇಲ್ಲಿ ಒಂದು ತಪ್ಪು ಲೆಕ್ಕ ಇದೆ, ಅದನ್ನ ಬಿಡಿಸಿ ಹೇಳ್ತೀನಿ. ಎಂಆರ್‌ಐ ತೋರಿಸೋದು ಮೆದುಳಿನ ಆಕಾರ. ನರದ ತುದಿ ಸ್ನಾಯುವಿಗೆ ಸಿಗ್ನಲ್ ದಾಟಿಸೋ ಜಾಗ ಅದರಲ್ಲಿ ಕಾಣೋದೇ ಇಲ್ಲ. ಮಯಸ್ತೇನಿಯಾ ಗ್ರೇವಿಸ್‌ನಲ್ಲಿ ತೊಂದರೆ ಇರೋದು ಸರಿಯಾಗಿ ಆ ಜಾಗದಲ್ಲಿ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಬರುತ್ತೆ, ಸ್ನಾಯುವಿನ ಮೇಲಿರೋ ರಿಸೆಪ್ಟರ್ ಅದನ್ನ ಹಿಡ್ಕೊಳ್ಳುತ್ತೆ, ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಆ ರಿಸೆಪ್ಟರ್‌ಗಳನ್ನ ಮುಚ್ಚಿ ಹಾಳು ಮಾಡುತ್ತೆ. ಮೊದಲ ಸಲ ಸ್ನಾಯು ಬಳಸಿದಾಗ ಕೆಲಸ ನಡೆಯುತ್ತೆ, ಬಳಸ್ತಾ ಬಳಸ್ತಾ ಸೋಲುತ್ತೆ, ವಿಶ್ರಾಂತಿ ಕೊಟ್ರೆ ಮತ್ತೆ ಬರುತ್ತೆ. ಸ್ಪರ್ಶ ಸರಿ ಇರುತ್ತೆ, ಸುತ್ತಿಗೆ ತಟ್ಟಿದ್ರೆ ಕಾಲು ಸಾಮಾನ್ಯವಾಗಿ ಹಾರುತ್ತೆ. ಅಂದ್ರೆ ಮಾಮೂಲಿ ಐದು ನಿಮಿಷದ ಪರೀಕ್ಷೆ, ಅದೂ ಬೆಳಗ್ಗೆ ಒಂಬತ್ತೂವರೆಗೆ ಮಾಡಿದ್ರೆ, ಏನೂ ಸಿಗದೇ ಹೋಗೋದು ಸಹಜ. ಇನ್ನೊಂದು ವಿಷಯ, ಮನಸ್ಸಿಗೂ ನರಕ್ಕೂ ಸಂಬಂಧ ಇರೋ ಫಂಕ್ಷನಲ್ ತೊಂದರೆ ಅಂತ ನಿಜವಾಗಿಯೂ ಒಂದಿದೆ, ಅದು ನಾಟಕ ಅಲ್ಲ, ಅವಮಾನವೂ ಅಲ್ಲ, ಆದ್ರೆ ಅದನ್ನ ಹೇಳೋಕೂ ಪರೀಕ್ಷೆಯಲ್ಲಿ ಅದರದ್ದೇ ಲಕ್ಷಣ ಕಾಣಬೇಕು. ಸ್ಕ್ಯಾನ್ ನಾರ್ಮಲ್ ಬಂತು ಅನ್ನೋ ಒಂದೇ ಕಾರಣಕ್ಕೆ ಟೆನ್ಶನ್ ಅಂತ ಬರೆದು ಕಳಿಸೋದು ಡಯಾಗ್ನೋಸಿಸ್ ಅಲ್ಲ.

ಅದಾದ ಮೇಲೆ ಎರಡು ತಿಂಗಳು ಅಕ್ಕ ಎಲ್ಲೂ ಬರಲ್ಲ ಅಂತ ಕೂತ್ಲು. ಒಂದು ರಾತ್ರಿ ನನ್ನ ಹತ್ರ "ಲೇ, ನಾನೇ ಮಾಡ್ಕೋತಿದೀನೇನೋ ಕಣೇ, ಇಷ್ಟು ಓದಿದೋರೆಲ್ಲಾ ಸುಳ್ಳು ಹೇಳ್ತಾರಾ" ಅಂದ್ಲು. ಕಾಯಿಲೆಗಿಂತ ಅವಳು ತನ್ನ ಮೈಯ ಮಾತನ್ನೇ ನಂಬೋದು ಬಿಟ್ಟಿದ್ದು ನನಗೆ ಭಯ ಹುಟ್ಟಿಸಿತು. ಅವತ್ತೇ ಹೇಳಿದೆ, ನೀನು ಯಾರನ್ನೂ ಒಪ್ಪಿಸೋದು ಬೇಡ, ಇವತ್ತಿಂದ ಬರೀ ಬರೆದಿಡೋಣ ಅಂತ.

ಒಂದು ನೋಟ್‌ಬುಕ್, ದಿನಕ್ಕೆ ಮೂರು ಸಲ: ಬೆಳಗ್ಗೆ ಏಳು, ಮಧ್ಯಾಹ್ನ ಒಂದು, ಸಂಜೆ ಆರು. ಹೇಗನಿಸ್ತಿದೆ ಅಂತ ಬರೀತಿರಲಿಲ್ಲ, ಏನು ಮಾಡೋಕಾಯ್ತು ಅಂತ ಬರೀತಿದ್ವಿ. ಕೈ ಮುಂದಕ್ಕೆ ಚಾಚಿ ಎಷ್ಟು ಸೆಕೆಂಡ್ ನಿಲ್ಲುತ್ತೆ, ಒಂದರಿಂದ ಐವತ್ತರವರೆಗೆ ಜೋರಾಗಿ ಎಣಿಸಿದ್ರೆ ಯಾವ ನಂಬರ್‌ಗೆ ದನಿ ಮೂಗಿಗೆ ಹೋಗುತ್ತೆ, ಸೂರು ನೋಡ್ತಾ ಒಂದು ನಿಮಿಷ ಕಣ್ಣು ಮಿಟುಕಿಸದೆ ಇದ್ರೆ ರೆಪ್ಪೆ ಎಲ್ಲಿಗೆ ಬರುತ್ತೆ. ಫೋನಲ್ಲಿ ವಿಡಿಯೋ, ಹಿಂದೆ ಗೋಡೆ ಗಡಿಯಾರ ಕಾಣೋ ಹಾಗೆ ಕೂರಿಸ್ತಿದ್ದೆ. ಹತ್ತು ದಿನಕ್ಕೇ ಚಿತ್ರ ಬಂದುಬಿಡ್ತು: ಬೆಳಗ್ಗೆ ಎರಡು ನಿಮಿಷ ನಿಲ್ಲೋ ಕೈ ಸಂಜೆ 35 ಸೆಕೆಂಡಿಗೆ ಕೆಳಗೆ, ಬೆಳಗ್ಗೆ ಐವತ್ತು ಸಲೀಸಾಗಿ ಎಣಿಸೋಳು ಸಂಜೆ ಇಪ್ಪತ್ತೆಂಟಕ್ಕೇ ಮೂಗಿಗೆ. ಭಾನುವಾರ ಮಧ್ಯಾಹ್ನ ಮಲಗಿ ಎದ್ದ ದಿನ ಸಂಜೆಯ ಲೆಕ್ಕ ಬೆಳಗಿನ ಹತ್ತಿರ ಬರೋದು. ಅದನ್ನ ನೋಡಿ ಅವಳೇ "ಇದು ನಾನು ಮಾಡ್ಕೊಳ್ಳೋದಲ್ಲ" ಅಂದ್ಲು. ಆ ನೋಟ್‌ಬುಕ್ ಡಾಕ್ಟರಿಗಿಂತ ಮೊದಲು ಅವಳನ್ನ ಎತ್ತಿ ನಿಲ್ಲಿಸ್ತು.

ಸೈಕಿಯಾಟ್ರಿಸ್ಟ್ ಹತ್ರಾನೂ ಹೋದ್ವಿ. ಮೊದಲು ನನಗೆ ಕೋಪ ಇತ್ತು, ಯಾಕೆ ಹೋಗಬೇಕು ಅಂತ. ಅಕ್ಕ ಹೇಳಿದ್ಲು, ಟೆನ್ಶನ್ನೂ ಇರಬಹುದು, ಎರಡೂ ಇರಬಹುದು, ಹೋಗದೆ ಇದ್ರೆ ಅದನ್ನೇ ಹಿಡ್ಕೊಂಡು ಇನ್ನೊಬ್ಬರು ಬಾಗಿಲು ಹಾಕ್ತಾರೆ. ಅವಳ ಮಾತು ಸರಿ ಇತ್ತು. ಅವರು ನಲವತ್ತು ನಿಮಿಷ ಕೇಳಿದ್ರು, 11 ತಿಂಗಳಲ್ಲಿ ಅಷ್ಟು ಹೊತ್ತು ಕೇಳಿದ ಮೊದಲ ಡಾಕ್ಟರ್ ಅವರು. ಖಿನ್ನತೆ ಕಾಣ್ತಿಲ್ಲ, ಎರಡೆರಡು ಕಾಣೋದಕ್ಕೆ ಮತ್ತೆ ರೆಪ್ಪೆ ಇಳಿಯೋದಕ್ಕೆ ನ್ಯೂರಾಲಜಿಯವರು ಇನ್ನೊಮ್ಮೆ ನೋಡಬೇಕು ಅಂತ ಲೆಟರ್‌ಹೆಡ್ ಮೇಲೆ ಬರೆದುಕೊಟ್ರು. ಆ ಹಾಳೆ ಮುಂದೆ ಬಹಳ ಕೆಲಸಕ್ಕೆ ಬಂತು, ಯಾಕಂದ್ರೆ ಫೈಲಲ್ಲಿ "ಆಂಕ್ಸೈಟಿ" ಅನ್ನೋ ಪದದ ಮೇಲೆ ಈಗ ಮನಸ್ಸಿನ ಡಾಕ್ಟರದ್ದೇ ಉತ್ತರ ಇತ್ತು.

ಮೂರನೇ ನ್ಯೂರಾಲಜಿಸ್ಟ್‌ಗೆ ನಾವು ಕೇಳಿ ಕೇಳಿ ದಿನದ ಕೊನೇ ಅಪಾಯಿಂಟ್‌ಮೆಂಟ್ ತಗೊಂಡ್ವಿ, ಸಂಜೆ ಐದೂಮುಕ್ಕಾಲು. ಅವತ್ತು ಅಕ್ಕ ರಜೆ ಹಾಕಲಿಲ್ಲ, ಐದು ಪೀರಿಯಡ್ ಪಾಠ ಮಾಡಿ ಸೀದಾ ಬಂದ್ಲು. ದಪ್ಪ ಫೈಲನ್ನ ಬ್ಯಾಗಲ್ಲೇ ಇಟ್ಟು ಒಂದೇ ಹಾಳೆ ಮುಂದಿಟ್ವಿ: ಯಾವಾಗ ಶುರು, ಯಾವ ಕ್ರಮದಲ್ಲಿ ಬಂತು, ಬೆಳಗಿನ ಲೆಕ್ಕ ಸಂಜೆಯ ಲೆಕ್ಕ ಅಕ್ಕಪಕ್ಕ, ಯಾವ ಮಾತ್ರೆ ಯಾವ ತಾರೀಖಿಂದ, ಆಮೇಲೆ ಏನಾಯ್ತು. ಕಾಯಿಲೆ ಹೆಸರು ಎಲ್ಲೂ ಬರೀಲಿಲ್ಲ. ಮಾತು ಅಕ್ಕನೇ ಆಡೋದು, ನಾನು ಪಕ್ಕದಲ್ಲಿ ಬರ್ಕೊಳ್ಳೋದು, ಭಾವ ಹೊರಗೆ ಕೂರೋದು ಅಂತ ಮೊದಲೇ ಮಾತಾಡ್ಕೊಂಡಿದ್ವಿ. ಎರಡು ಪ್ರಶ್ನೆ ಬಾಯಿಪಾಠ ಮಾಡ್ಕೊಂಡು ಹೋಗಿದ್ಲು: "ಇದು ಇನ್ನೇನಾಗಿರಬಹುದು ಡಾಕ್ಟ್ರೇ, ಅದನ್ನ ಹೇಗೆ ತಳ್ಳಿಹಾಕ್ತೀರಿ" ಮತ್ತೆ "ಈ ಪರೀಕ್ಷೆ ಬೇಡ ಅನ್ನೋದಾದ್ರೆ ಯಾಕೆ ಬೇಡ ಅಂತ ಫೈಲಲ್ಲಿ ಬರೀತೀರಾ". ಎರಡನೇದು ಕೇಳೋ ಪ್ರಸಂಗವೇ ಬರಲಿಲ್ಲ.

ಅವರು ಹಾಳೆ ಓದಿ, ವಿಡಿಯೋ ಎರಡು ನೋಡಿ, ಕುರ್ಚಿ ಹತ್ರ ಎಳ್ಕೊಂಡು ಬಂದು "ನನ್ನ ಬೆರಳು ನೋಡಿ ಅಮ್ಮ, ತಲೆ ಎತ್ತಬೇಡಿ, ಕಣ್ಣಷ್ಟೇ" ಅಂದು ಬೆರಳು ಮೇಲೆ ಹಿಡಿದ್ರು. ನಾನು ಎದುರಿಗಿದ್ದೆ. ಮೊದಲ ಇಪ್ಪತ್ತು ಸೆಕೆಂಡ್ ಏನೂ ಇಲ್ಲ. ಆಮೇಲೆ ಎಡ ರೆಪ್ಪೆ ನಡುಗೋಕೆ ಶುರುವಾಯ್ತು, ನಿಧಾನಕ್ಕೆ ಇಳೀತಾ ಇಳೀತಾ ಕಪ್ಪುಗುಡ್ಡೆಯ ಮಧ್ಯಕ್ಕೆ ಬಂತು. ಡಾಕ್ಟರು ಏನೂ ಮಾತಾಡಲಿಲ್ಲ, ನರ್ಸ್‌ಗೆ ಐಸ್ ತರೋಕೆ ಹೇಳಿದ್ರು. ಗ್ಲೌಸ್ ಒಳಗೆ ಐಸ್ ತುಂಬಿ ಮುಚ್ಚಿದ ರೆಪ್ಪೆ ಮೇಲೆ ಎರಡು ನಿಮಿಷ ಇಟ್ಟು ತೆಗೆದ್ರು, ಕಣ್ಣು ತೆರೆದ್ಲು, ರೆಪ್ಪೆ ಬಲಗಣ್ಣಿನ ಸಮಕ್ಕೆ ನಿಂತಿತ್ತು. ತಂಪಿಗೆ ಅಸಿಟೈಲ್‌ಕೋಲಿನ್ ಒಡೆದು ಹೋಗೋದು ನಿಧಾನ ಆಗುತ್ತೆ, ಸಿಗ್ನಲ್ ಸ್ವಲ್ಪ ಹೊತ್ತು ಚೆನ್ನಾಗಿ ದಾಟುತ್ತೆ, ರೆಪ್ಪೆ 2 ಮಿಲಿಮೀಟರ್ ಅಥವಾ ಜಾಸ್ತಿ ಎದ್ರೆ ಪಾಸಿಟಿವ್ ಅಂತ ತಗೋತಾರೆ. 13 ತಿಂಗಳು ಅಲೆದಿದ್ವಿ, ಸುಳಿವು ಸಿಕ್ಕಿದ್ದು ಎರಡು ನಿಮಿಷದ ಐಸಲ್ಲಿ. ಅಕ್ಕ ಅಲ್ಲೇ ಅತ್ತಳು. ಡಾಕ್ಟರು "ಅಳಿ ಅಮ್ಮ, ಪರವಾಗಿಲ್ಲ" ಅಂತ ಹೇಳಿ ಬರೀತಾ ಕೂತ್ರು.

ಆಮೇಲಿಂದು ಬೇಗ ಬೇಗ ಆಯ್ತು. ನರಕ್ಕೆ ಸೆಕೆಂಡಿಗೆ ಮೂರು ಸಲ ಸಣ್ಣ ಕರೆಂಟ್ ಕೊಟ್ಟು ಸ್ನಾಯುವಿನ ಉತ್ತರ ಅಳೆಯೋ ಟೆಸ್ಟಲ್ಲಿ ಅಲೆ ಚಿಕ್ಕದಾಗ್ತಾ ಹೋಯ್ತು, ನೂರಕ್ಕೆ 10ಕ್ಕಿಂತ ಜಾಸ್ತಿ ಇಳಿದ್ರೆ ಅನುಮಾನ ಗಟ್ಟಿ, ಅವಳದ್ದು 22 ಇಳೀತು. ರಕ್ತದಲ್ಲಿ ಅಸಿಟೈಲ್‌ಕೋಲಿನ್ ರಿಸೆಪ್ಟರ್ ಆಂಟಿಬಾಡಿ, ಅಂದ್ರೆ ಆ ರಿಸೆಪ್ಟರ್ ಮುಚ್ಚಿ ಹಾಳು ಮಾಡೋ ವಸ್ತು, ಪಾಸಿಟಿವ್ ಬಂತು, ಕಾಯಿಲೆಗೆ ಮಯಸ್ತೇನಿಯಾ ಗ್ರೇವಿಸ್ ಅಂತ ಹೆಸರು ಸಿಕ್ತು. ಇದನ್ನ ಓದ್ತಿರೋರಲ್ಲಿ ಯಾರಿಗಾದ್ರೂ ಆಂಟಿಬಾಡಿ ನೆಗೆಟಿವ್ ಬಂದಿದ್ರೆ ಅಲ್ಲಿಗೇ ಬಿಡಬೇಡಿ, ಮೈಗೆಲ್ಲಾ ಹರಡಿರೋರಲ್ಲಿ ನೂರಕ್ಕೆ ಸುಮಾರು 85 ಜನಕ್ಕೆ, ಕಣ್ಣಿಗೆ ಮಾತ್ರ ಇರೋರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಮಾತ್ರ ಅದು ಕಾಣೋದು, ಉಳಿದವರಲ್ಲಿ ಕೆಲವರಿಗೆ ಮಸ್ಕ್ ಅನ್ನೋ ಬೇರೆ ಆಂಟಿಬಾಡಿ ಇರುತ್ತೆ, ಅದೂ ಇಲ್ಲದಿದ್ರೆ ಸಿಂಗಲ್ ಫೈಬರ್ ಇಎಂಜಿ ಅನ್ನೋ ಇನ್ನೂ ಸೂಕ್ಷ್ಮ ಟೆಸ್ಟ್ ಇದೆ. ಎದೆಯ ಸಿಟಿ ಕೂಡ ಮಾಡಿದ್ರು, ಎದೆಮೂಳೆ ಹಿಂದಿರೋ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇದೆಯಾ ಅಂತ ಎಲ್ಲರಿಗೂ ನೋಡ್ತಾರೆ, ಅವಳಿಗೆ ಗಡ್ಡೆ ಇರಲಿಲ್ಲ.

ಪ್ರೊಪ್ರನೊಲಾಲ್ ಬಗ್ಗೆ ಕೇಳಿದಾಗ, ಅದು ಸೇರಿದಂತೆ ಬೀಟಾ ಬ್ಲಾಕರ್ ಅನ್ನೋ ಗುಂಪಿನ ಮಾತ್ರೆಗಳು ಈ ಕಾಯಿಲೆ ಇರೋ ಕೆಲವರಿಗೆ ಬಲಹೀನತೆ ಜಾಸ್ತಿ ಮಾಡಬಹುದು, ತಾರೀಖು ಹೊಂದಿಕೊಳ್ತಿದೆ ಅಂತ ಅಂದ್ರು, ಅದನ್ನ ಒಮ್ಮೆಲೇ ನಿಲ್ಲಿಸೋ ಹಾಗಿಲ್ಲ ಅಂತ ನಿಧಾನಕ್ಕೆ ಕಮ್ಮಿ ಮಾಡಿಸಿದ್ರು. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಥರದ ಆಂಟಿಬಯೋಟಿಕ್ ಮೇಲೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಮಯಸ್ತೇನಿಯಾ ಇರೋರಿಗೆ ಅಂತ ಕಪ್ಪು ಚೌಕದ, ಅಂದ್ರೆ ಅತ್ಯಂತ ಗಂಭೀರ ಅನ್ನೋ ಎಚ್ಚರಿಕೆ ಹಾಕಿಸಿದೆ. ಇದಕ್ಕೇ ನನಗೆ "ಟೆನ್ಶನ್" ಅನ್ನೋ ಮಾತಿನ ಮೇಲೆ ಇಷ್ಟು ಸಂಕಟ. ತಪ್ಪು ಹೆಸರು ಬರೆದ್ರೆ ತಪ್ಪು ಮಾತ್ರೆ ಒಳಗೆ ಹೋಗುತ್ತೆ.

ಇನ್ನೊಂದು ವಿಷಯ ಇದೆ, ಇಂಥ ಲಕ್ಷಣ ಇರೋರು ಅಪಾಯಿಂಟ್‌ಮೆಂಟ್‌ಗೆ ಕಾಯಬಾರದ ಹೊತ್ತು ಯಾವುದು ಅಂತ. ಮಲಗಿದ್ರೆ ಉಸಿರು ಕಟ್ಟೋದು, ಎಂಜಲು ನುಂಗೋಕಾಗದೆ ಹೊರಗೆ ಬರೋದು, ಕತ್ತು ನಿಲ್ಲದೆ ಇರೋದು, ಒಂದೇ ಉಸಿರಲ್ಲಿ ಇಪ್ಪತ್ತರವರೆಗೂ ಎಣಿಸೋಕಾಗದೆ ಇರೋದು, ಇವು ಬಂದ್ರೆ ನೇರ ಎಮರ್ಜೆನ್ಸಿಗೆ. ಬೆರಳಿಗೆ ಹಾಕೋ ಆಕ್ಸಿಜನ್ ಮೀಟರ್ 97, 98 ತೋರಿಸ್ತು ಅಂತ ಸಮಾಧಾನ ಮಾಡ್ಕೋಬಾರದು, ಉಸಿರಿನ ಸ್ನಾಯು ಸೋಲ್ತಿದ್ರೂ ಆ ನಂಬರ್ ಕೊನೇವರೆಗೂ ಚೆನ್ನಾಗೇ ಇರಬಹುದು. ಅಲ್ಲಿ "ಏನೂ ಇಲ್ಲ ಹೋಗಿ" ಅಂದ್ರೆ ಉಸಿರಿನ ಬಲ ಅಳೆದು ಬರೆದುಕೊಡಿ ಅಂತ ಕೇಳಿ, ಕೇಳೋಕೆ ಸಂಕೋಚ ಬೇಡ.

1672ರಲ್ಲಿ ಥಾಮಸ್ ವಿಲ್ಲಿಸ್ ಅನ್ನೋ ಇಂಗ್ಲೆಂಡಿನ ವೈದ್ಯ ಒಬ್ಬ ಹೆಂಗಸಿನ ಬಗ್ಗೆ ಬರೆದಿದ್ದ, ಜಾಸ್ತಿ ಹೊತ್ತು ಮಾತಾಡಿದ್ರೆ ಅವಳು ಮೀನಿನ ಹಾಗೆ ಮೂಕಿ ಆಗಿಬಿಡ್ತಾಳೆ, ಒಂದೆರಡು ಗಂಟೆ ಬಿಟ್ಟು ಮತ್ತೆ ದನಿ ಬರುತ್ತೆ ಅಂತ. ಇದನ್ನ ಅಕ್ಕನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡು, ಅವಳು ಹೇಳಿದ್ದನ್ನ ಯಾರೋ ಕೂತು ಕೇಳಿದಾರೆ" ಅಂದ್ಲು. 1934ರಲ್ಲಿ ಮೇರಿ ವಾಕರ್ ಅನ್ನೋ ಡಾಕ್ಟರ್ ಫೈಸೋಸ್ಟಿಗ್ಮಿನ್ ಇಂಜೆಕ್ಷನ್ ಕೊಟ್ಟು ಬಿದ್ದ ರೆಪ್ಪೆ ಏಳೋದನ್ನ ತೋರಿಸಿದ್ರು, ಇವತ್ತು ಅಕ್ಕ ತಗೊಳ್ಳೋ ಪಿರಿಡೊಸ್ಟಿಗ್ಮಿನ್ ಮಾತ್ರೆ ಅದೇ ದಾರಿಯದ್ದು. ನುಂಗಿದ ಅರ್ಧ ಮುಕ್ಕಾಲು ಗಂಟೆಗೆ ಹಿಡ್ಕೊಳ್ಳುತ್ತೆ, ಮೂರು ನಾಲ್ಕು ಗಂಟೆ ಇರುತ್ತೆ, ಹೊಟ್ಟೆ ನುಲಿಯುತ್ತೆ ಅನ್ನೋದೊಂದು ಕಷ್ಟ.

ಈಗ ಎರಡೂವರೆ ವರ್ಷ ಆಯ್ತು. ರಕ್ಷಣಾ ವ್ಯವಸ್ಥೆಯನ್ನ ತಣ್ಣಗೆ ಮಾಡೋಕೆ ಕೊಟ್ಟಿರೋ ಸ್ಟೀರಾಯ್ಡ್ ನಿಧಾನಕ್ಕೆ ಇಳಿಸ್ತಿದಾರೆ. ಥೈಮಸ್ ತೆಗೆಸೋ ಬಗ್ಗೆ ಮಾತು ನಡೀತಿದೆ, ಗಡ್ಡೆ ಇಲ್ಲದ ಆಂಟಿಬಾಡಿ ಪಾಸಿಟಿವ್ ಜನಕ್ಕೂ ಅದರಿಂದ ಲಾಭ ಇದೆ ಅಂತ 2016ರಲ್ಲಿ ಬಂದ 126 ಜನರ ಟ್ರಯಲ್ ತೋರಿಸಿದೆ, ಅದನ್ನ ಡಾಕ್ಟರೇ ನಮಗೆ ಬಿಡಿಸಿ ಹೇಳಿದ್ರು. ಪರೀಕ್ಷೆ ಪೇಪರ್ ತಿದ್ದೋ ವಾರಗಳಲ್ಲಿ ಸಂಜೆ ಈಗಲೂ ಸಾಲು ಎರಡಾಗುತ್ತೆ. ಪರ್ಸಲ್ಲಿ ಒಂದು ಕಾರ್ಡ್ ಇದೆ, ಕಾಯಿಲೆ ಹೆಸರು, ಕೊಡಬಾರದ ಔಷಧಗಳ ಹೆಸರು.

ಮೊದಲನೇ ಡಾಕ್ಟರಿಗೆ ಕಾಗದ ಬರೆಯೋಣ ಅಂತ ನಾನು ಹಠ ಹಿಡಿದಿದ್ದೆ, ನಾಲ್ಕು ಪುಟ ಬರೆದೂ ಇದ್ದೆ. ಅಕ್ಕ ಅದನ್ನ ಓದಿ ಮಡಿಸಿ ಪಕ್ಕಕ್ಕಿಟ್ಟು, ರಿಪೋರ್ಟ್‌ಗಳ ಜೆರಾಕ್ಸ್ ಜೊತೆ ತಾನೇ ಎರಡು ಸಾಲು ಬರೆದು ಕಳಿಸಿದ್ಲು: "ಬೆಳಗ್ಗೆ ಬಂದಾಗ ಸರಿ ಇದ್ದೆ. ಇಂಥವರು ಮತ್ತೆ ಬಂದ್ರೆ ದಯವಿಟ್ಟು ಸಂಜೆ ಒಮ್ಮೆ ಕರೆಸಿ ನೋಡಿ." ಉತ್ತರ ಬಂದಿಲ್ಲ.